ಎರರ್ ಬಾರದ ತಪ್ಪುಗಳು: ದತ್ತಾಂಶ ವಿಶ್ಲೇಷಣೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಎಂ.ಎಸ್ಸಿ. ಕೃಷಿ ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಜೋಳದ ಬೆಳೆಗೆ ಎಂಟು ಬಗೆಯ ಗೊಬ್ಬರದ ಉಪಚಾರಗಳನ್ನು ಮೂರು ಪುನರಾವರ್ತನೆಗಳಲ್ಲಿ, ರ‍್ಯಾಂಡಮೈಸ್ಡ್ ಬ್ಲಾಕ್ ವಿನ್ಯಾಸದಲ್ಲಿ (ಹೊಲವನ್ನು ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕಿನಲ್ಲೂ ಉಪಚಾರಗಳನ್ನು ಚೀಟಿ ಎತ್ತಿದಂತೆ ಹಂಚುವ ಕ್ರಮದಲ್ಲಿ) ಕೊಟ್ಟು ಇಳುವರಿ ದಾಖಲಿಸಿದ್ದೇನೆ. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವಿಶ್ಲೇಷಿಸಿದಾಗ, ಗುಂಪುಗಳ ಸರಾಸರಿಗಳನ್ನು ಹೋಲಿಸುವ ಅನೋವಾ ಕೋಷ್ಟಕ ಯಾವ ಎರರ್ ಕೂಡ ಇಲ್ಲದೆ ಬಂತು. ಉಪಚಾರಗಳ ನಡುವೆ ಗಮನಾರ್ಹ ವ್ಯತ್ಯಾಸವಿಲ್ಲ ಎಂದಿತು. ಅದೇ ಅಂಕಿಗಳನ್ನು ಹಿಸಾರಿನ ಕೃಷಿ ವಿಶ್ವವಿದ್ಯಾಲಯದ ಲೆಕ್ಕದ ತಂತ್ರಾಂಶವಾದ ಆಪ್‌ಸ್ಟ್ಯಾಟ್‌ಗೆ ಹಾಕಿದರೆ ವ್ಯತ್ಯಾಸ ಗಮನಾರ್ಹ ಎಂದು ಬರುತ್ತದೆ. ಯಾವ ಉಪಚಾರ ಯಾವುದಕ್ಕಿಂತ ಬೇರೆ ಎಂದು ಜೋಡಿ ಜೋಡಿಯಾಗಿ ನೋಡುವ ಟ್ಯೂಕಿ ಪರೀಕ್ಷೆಯಂತೂ ಆರ್‌ನಲ್ಲಿ ನಡೆಯುವುದೇ ಇಲ್ಲ. ಕಂಪ್ಯೂಟರ್ ಪರದೆಯ ಫೋಟೊ ತೆಗೆದು, ಬಲ್ಲವರೆನಿಸಿದ ಕೆಲವರಿಗೆ ಕಳುಹಿಸಿ ಸಹಾಯ ಕೇಳಿದೆ, ಯಾರೂ ಉತ್ತರಿಸಲಿಲ್ಲ. ಯಾವುದನ್ನು ನಂಬಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಅಂಕಿಗಳನ್ನು ನೋಡದೆಯೇ ಆಪ್‌ಸ್ಟ್ಯಾಟ್‌ನ ಕಡೆಗೆ ವಾಲುವಷ್ಟು ಸುಳಿವು ನಿಮ್ಮ ಪತ್ರದಲ್ಲಿದೆ. ಅನೋವಾ ಕೋಷ್ಟಕ ಬಂದ ಕೂಡಲೇ ಎಲ್ಲರ ಕಣ್ಣೂ ಪಿ ಮೌಲ್ಯಕ್ಕೆ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವಕ್ಕೆ) ಹೋಗುತ್ತದೆ. ಅದಕ್ಕಿಂತ ಮೊದಲು ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಮೌಲ್ಯಗಳ ಎಣಿಕೆ) ಕಾಲಂ ಓದುವುದು ಒಳ್ಳೆಯದು. ಎಂಟು ಉಪಚಾರ, ಮೂರು ಪುನರಾವರ್ತನೆ ಎಂದರೆ 24 ತಾಕುಗಳು. ಎಣಿಕೆಗಿಂತ ಒಂದು ಕಡಿಮೆ ಎಂಬ ಲೆಕ್ಕದಲ್ಲಿ ಉಪಚಾರಕ್ಕೆ 7, ಬ್ಲಾಕಿಗೆ 2, ಇವೆರಡೂ ವಿವರಿಸದ ಏರುಪೇರಿಗೆ, ಅಂದರೆ ಉಳಿಕೆಗೆ 14, ಒಟ್ಟು 23 ಬರಬೇಕು. ನಿಮ್ಮ ಆರ್ ಕೋಷ್ಟಕದಲ್ಲಿ ಉಪಚಾರಕ್ಕೆ 1, ಬ್ಲಾಕಿಗೆ 1, ಉಳಿಕೆಗೆ 21 ಎಂದಿದ್ದರೆ, ಆರ್ ವಿಶ್ಲೇಷಿಸಿರುವುದು ನೀವು ಹೊಲದಲ್ಲಿ ನಡೆಸಿದ ಪ್ರಯೋಗವನ್ನಲ್ಲ.

ಎಕ್ಸೆಲ್ ಹಾಳೆಯಲ್ಲಿ ಉಪಚಾರಗಳಿಗೆ 1ರಿಂದ 8ರವರೆಗೆ, ಪುನರಾವರ್ತನೆಗಳಿಗೆ 1ರಿಂದ 3ರವರೆಗೆ ಸಂಖ್ಯೆ ಕೊಟ್ಟಿರುತ್ತೀರಿ. ಕೊಟ್ಟಿಗೆ ಗೊಬ್ಬರ 3, ಎರೆಹುಳು ಗೊಬ್ಬರ 4, ಶಿಫಾರಸು ಮಾಡಿದ ರಾಸಾಯನಿಕ ಗೊಬ್ಬರ 5 ಎಂದರೆ ನಿಮಗೆ ಅವು ಹೆಸರುಗಳು. ಆರ್‌ಗೆ ಅವು ಅಳತೆಗಳು. ಹಾಗಾಗಿ ಅದು ಉಪಚಾರದ ಸಂಖ್ಯೆ ಒಂದೊಂದಾಗಿ ಏರಿದಂತೆ ಇಳುವರಿಯೂ ಒಂದೇ ಸರಳ ರೇಖೆಯಲ್ಲಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನಷ್ಟೇ ಪರೀಕ್ಷಿಸಿ, ಅಂಥ ರೇಖೆ ಕಾಣಲಿಲ್ಲವಾದ್ದರಿಂದ ವ್ಯತ್ಯಾಸವಿಲ್ಲ ಎಂದು ವರದಿ ಮಾಡಿದೆ. ನಿಮ್ಮ ಉಪಚಾರಗಳು ಹೆಕ್ಟೇರಿಗೆ 0, 25, 50, 75 ಕಿಲೊ ಸಾರಜನಕ ಎಂಬಂತೆ ಏರುವ ಪ್ರಮಾಣಗಳಾಗಿದ್ದು, ಆ ಪ್ರಮಾಣಗಳನ್ನೇ ಕಾಲಂನಲ್ಲಿ ಬರೆದಿದ್ದರೆ ಆ ರೇಖೆಗೂ ಒಂದು ಅರ್ಥವಿರುತ್ತಿತ್ತು. ಬೇರೆ ಬೇರೆ ಗೊಬ್ಬರಗಳಿಗೆ ಹಚ್ಚಿದ ಕ್ರಮಸಂಖ್ಯೆಯ ಮೇಲೆ ಎಳೆದ ರೇಖೆಗೆ ಯಾವ ಅರ್ಥವೂ ಇಲ್ಲ.

ಟ್ಯೂಕಿ ಪರೀಕ್ಷೆ ನಡೆಯದಿರುವುದೂ ಇದೇ ಕಾರಣಕ್ಕೆ. ಅದು ನಿಂತಾಗ ಪರದೆಯ ಮೇಲೆ ‘ನಾನ್ ಫ್ಯಾಕ್ಟರ್ಸ್ ಇಗ್ನೋರ್ಡ್’ (ಫ್ಯಾಕ್ಟರ್, ಅಂದರೆ ವರ್ಗ, ಅಲ್ಲದವನ್ನು ಕೈಬಿಡಲಾಗಿದೆ) ಎಂಬ ಎಚ್ಚರಿಕೆ ಇದ್ದಿರಬೇಕು; ರೋಗ ಯಾವುದೆಂದು ಆ ಒಂದು ಸಾಲೇ ಹೇಳಿಬಿಟ್ಟಿದೆ. ಎಸ್‌ಟಿಆರ್ ಆಜ್ಞೆ ಕೊಟ್ಟು ಪ್ರತಿ ಕಾಲಂ ಯಾವ ಬಗೆಯದೆಂದು ನೋಡಿ. ಉಪಚಾರ, ಪುನರಾವರ್ತನೆ ಎರಡನ್ನೂ ಫ್ಯಾಕ್ಟರ್ ಆಜ್ಞೆಯಿಂದ ವರ್ಗಗಳಾಗಿ ಬದಲಿಸಿ, ಅದೇ ಮಾದರಿಯನ್ನು ಮತ್ತೆ ನಡೆಸಿ. 7, 2, 14 ಬಂದರೆ ಆಪ್‌ಸ್ಟ್ಯಾಟ್‌ನ ಎಫ್ ಮೌಲ್ಯವೂ ಆರ್‌ನ ಎಫ್ ಮೌಲ್ಯವೂ (ಉಪಚಾರಗಳ ನಡುವಿನ ವ್ಯತ್ಯಾಸ ಉಳಿಕೆಯ ಎಷ್ಟು ಪಟ್ಟು ಎಂಬ ಸಂಖ್ಯೆ) ಒಂದೇ ಆಗಿರಬೇಕು. ಆಗಲೂ ಹೊಂದದಿದ್ದರೆ ಎರಡು ಕಡೆ ಹಾಕಿದ ಅಂಕಿಗಳಲ್ಲೇ ಎಲ್ಲೋ ವ್ಯತ್ಯಾಸವಿದೆ ಎಂದು ತಿಳಿದು ತಾಕು ತಾಕಿಗೂ ತಾಳೆ ನೋಡಿ.

ಇನ್ನು ನಿಮಗೆ ಯಾರೂ ಉತ್ತರಿಸದ ವಿಚಾರ. ಓರೆಯಾಗಿ ತೆಗೆದ ಪರದೆಯ ಫೋಟೊದಿಂದ ಯಾರೂ ಅಂಕಿಗಳನ್ನು ನಕಲು ಮಾಡಿಕೊಂಡು ನಿಮ್ಮ ಪರವಾಗಿ ಲೆಕ್ಕ ಮಾಡಿ ನೋಡಲಾರರು. ಕಾಲಂನ ಬಗೆ ಏನೆಂಬುದು ಫೋಟೊದಲ್ಲಿ ಕಾಣುವುದೂ ಇಲ್ಲ. ಸಹಾಯ ಮಾಡುವವರು ತಮ್ಮ ಕಂಪ್ಯೂಟರ್‌ನಲ್ಲಿ ನಿಮ್ಮ ತೊಂದರೆಯನ್ನು ಹಾಗೆಯೇ ಮರುಹುಟ್ಟಿಸುವಂತಿರಬೇಕು. ಅದಕ್ಕೆ ಡಿಪುಟ್ ಎಂಬ ಆಜ್ಞೆಯಿದೆ: ಕೊಟ್ಟ ಕೋಷ್ಟಕವನ್ನು, ಕಾಲಂಗಳ ಬಗೆಯನ್ನೂ ಬಿಡದೆ, ಇನ್ನೊಬ್ಬರು ನೇರವಾಗಿ ಆರ್‌ಗೆ ಅಂಟಿಸಬಹುದಾದ ಅಕ್ಷರರೂಪಕ್ಕೆ ಅದು ತರುತ್ತದೆ. ಅದರ ಜೊತೆಗೆ ನೀವು ಓಡಿಸಿದ ಸಾಲುಗಳು, ಬಂದ ಎಚ್ಚರಿಕೆಯ ಪೂರ್ಣ ಪಠ್ಯ, ಮತ್ತು ನೀವು ನಿರೀಕ್ಷಿಸುತ್ತಿರುವ ಉತ್ತರ (ನಿಮ್ಮ ಸಂದರ್ಭದಲ್ಲಿ ಆಪ್‌ಸ್ಟ್ಯಾಟ್ ಕೋಷ್ಟಕ) ಇಷ್ಟಿದ್ದರೆ ಸಾಕು.

ಪ್ರಬಂಧದ ದತ್ತಾಂಶವನ್ನು ಹೊರಗೆ ಕೊಡಲು ಮಾರ್ಗದರ್ಶಕರು ಒಪ್ಪದಿರಬಹುದು. ಆರ್‌ನೊಳಗೇ ಎನ್‌ಪಿಕೆ ಎಂಬ ದತ್ತಾಂಶವಿದೆ; ಸಾರಜನಕ, ರಂಜಕ, ಪೊಟ್ಯಾಶ್ ಕೊಟ್ಟು ಬಟಾಣಿ ಬೆಳೆದ, ಆರು ಬ್ಲಾಕುಗಳ 24 ತಾಕುಗಳ ಹಳೆಯ ಪ್ರಯೋಗವದು. ಅದರಲ್ಲಿ ಬ್ಲಾಕ್ ಕಾಲಂ ಫ್ಯಾಕ್ಟರ್ ಆಗಿಯೇ ಇದೆ, ಅನೋವಾ ನಡೆಸಿದರೆ ಬ್ಲಾಕಿಗೆ 5 ಡಿಗ್ರಿ ಬರುತ್ತದೆ. ಆ ಕಾಲಂ ಅನ್ನು ಬೇಕೆಂದೇ ಸಂಖ್ಯೆಯಾಗಿ ಬದಲಿಸಿ ಮತ್ತೆ ನಡೆಸಿದರೆ 5 ಇದ್ದದ್ದು 1 ಆಗುತ್ತದೆ. ನಿಮ್ಮ ತೊಂದರೆಯನ್ನು ಎಲ್ಲರ ಬಳಿಯೂ ಇರುವ ದತ್ತಾಂಶದಲ್ಲಿ ಹೀಗೆ ತೋರಿಸಿ ಕೇಳಿದ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ಬಹಳ ಸಲ ಹೀಗೆ ಚಿಕ್ಕದು ಮಾಡುವಾಗಲೇ ಕಾರಣ ಕೈಗೆ ಸಿಕ್ಕಿ ಪ್ರಶ್ನೆ ಕಳುಹಿಸುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಸ್ವಯಂಸೇವಾ ಸಂಸ್ಥೆಗಾಗಿ 2011ರ ಜನಗಣತಿಯ ಜಿಲ್ಲಾವಾರು ಜನಸಂಖ್ಯೆಯನ್ನು ಇತ್ತೀಚಿನ ಶಾಲಾ ಅಂಕಿಅಂಶಗಳೊಂದಿಗೆ ಜೋಡಿಸಬೇಕಿದೆ. ಆರ್‌ನಲ್ಲಿ ಜನಸಂಖ್ಯೆಯ ಕಾಲಂ ಅನ್ನು ಸಂಖ್ಯೆಯಾಗಿ ಬದಲಿಸಿ ಕೂಡಿದರೆ ಕಚೇರಿಯ ಹಳೆಯ ಕಂಪ್ಯೂಟರ್‌ನಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 465 ಎಂದು ಬರುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಸಾಲುಗಳಿಗೆ ‘ಮೌಲ್ಯ ಲಭ್ಯವಿಲ್ಲ’ ಎಂಬರ್ಥದ ಎನ್‌ಎ ಎಂದು ಬರುತ್ತದೆ. ಎರಡು ಕೋಷ್ಟಕಗಳನ್ನು ಜೋಡಿಸಿದಾಗ ನಮ್ಮ ಕಲಬುರಗಿ ಸೇರಿ ಹಲವು ಜಿಲ್ಲೆಗಳು ಕಾಣೆಯಾಗುತ್ತವೆ.
— ಕ್ಷೇತ್ರ ಕಾರ್ಯಕರ್ತ, ಕಲಬುರಗಿ

ಉತ್ತರ: 465 ಎಂಬುದು ಸುಮ್ಮನೆ ಬಂದ ಸಂಖ್ಯೆಯಲ್ಲ. 1ರಿಂದ 30ರವರೆಗಿನ ಸಂಖ್ಯೆಗಳನ್ನು ಕೂಡಿ ನೋಡಿ, 465 ಬರುತ್ತದೆ. 2011ರಲ್ಲಿ ಕರ್ನಾಟಕದಲ್ಲಿ ಇದ್ದದ್ದು 30 ಜಿಲ್ಲೆಗಳು. ನಿಮ್ಮ ಫೈಲಿನಲ್ಲಿ ಜನಸಂಖ್ಯೆಯನ್ನು 96,21,551 ಎಂಬಂತೆ ಅಲ್ಪವಿರಾಮ ಹಾಕಿ ಬರೆದಿರುವುದರಿಂದ ಆರ್ ಅದನ್ನು ಸಂಖ್ಯೆ ಎಂದು ಗುರುತಿಸದೆ ಪಠ್ಯವಾಗಿ ಓದಿದೆ. 2020ರಲ್ಲಿ ಬಂದ 4.0.0 ಆವೃತ್ತಿಗಿಂತ ಹಿಂದಿನ ಆರ್, ಫೈಲಿನಿಂದ ಓದಿದ ಪಠ್ಯವನ್ನೆಲ್ಲ ಕೇಳದೆಯೇ ಫ್ಯಾಕ್ಟರ್ ಮಾಡುತ್ತಿತ್ತು. ಫ್ಯಾಕ್ಟರ್ ಅನ್ನು ನೇರವಾಗಿ ಸಂಖ್ಯೆಗೆ ಬದಲಿಸಿದರೆ ಸಿಗುವುದು ಒಳಗಿನ ಕ್ರಮಸಂಖ್ಯೆಗಳು, ಅಂದರೆ 1ರಿಂದ 30. ಹೊಸ ಆರ್ ಪಠ್ಯವನ್ನು ಪಠ್ಯವಾಗಿಯೇ ಇಡುತ್ತದೆ, ಅಲ್ಪವಿರಾಮವಿರುವ ಪಠ್ಯವನ್ನು ಸಂಖ್ಯೆಯಾಗಿಸಲಾಗದೆ ಎನ್‌ಎ ಕೊಟ್ಟು ಎಚ್ಚರಿಸುತ್ತದೆ. ಎನ್‌ಎ ನೋಡಿದವರು ನಿಂತು ವಿಚಾರಿಸುತ್ತಾರೆ, ಆದ್ದರಿಂದ ಇಲ್ಲಿ ನಿಮ್ಮ ಲ್ಯಾಪ್‌ಟಾಪೇ ಹೆಚ್ಚು ಪ್ರಾಮಾಣಿಕ. 465 ಎಂಬುದು ಅಸಂಬದ್ಧವೆಂದು ನಿಮಗೆ ಕಂಡದ್ದು ಅದು ಜನಸಂಖ್ಯೆಯಾದ್ದರಿಂದ. ಗ್ರಾಮ ಪಂಚಾಯಿತಿಯ ಶಾಲೆಗಳ ಲೆಕ್ಕವಾಗಿದ್ದರೆ ಅದು ಹಾಗೆಯೇ ವರದಿಗೆ ಸೇರಿಬಿಡುತ್ತಿತ್ತು.

ಜಿಸಬ್ ಆಜ್ಞೆಯಿಂದ ಅಲ್ಪವಿರಾಮಗಳನ್ನು ತೆಗೆದು, ಆಮೇಲೆ ಸಂಖ್ಯೆಯಾಗಿಸಿ. ಬಳಿಕ ಮೊತ್ತವನ್ನು ನೋಡಿ: 2011ರ ಕರ್ನಾಟಕದ ಜನಸಂಖ್ಯೆ 6,10,95,297. ಒಂದು ತಲೆ ಹೆಚ್ಚು ಕಡಿಮೆಯಾದರೂ ಮುಂದೆ ಹೋಗಬೇಡಿ.

ಕಾಣೆಯಾದ ಜಿಲ್ಲೆಗಳ ಕಥೆ ಇನ್ನೂ ಸೂಕ್ಷ್ಮವಾದದ್ದು. ಮರ್ಜ್ ಆಜ್ಞೆ, ಎರಡೂ ಕಡೆ ಹೆಸರು ಅಕ್ಷರಶಃ ಹೊಂದಿದ ಸಾಲುಗಳನ್ನು ಮಾತ್ರ ಉಳಿಸಿಕೊಂಡು, ಮಿಕ್ಕವನ್ನು ಮಾತಿಲ್ಲದೆ ಬಿಡುತ್ತದೆ. ಜನಗಣತಿಯ ಇಂಗ್ಲಿಷ್ ಕೋಷ್ಟಕದಲ್ಲಿರುವುದು ಗುಲ್ಬರ್ಗ, ಬಿಜಾಪುರ, ಬೆಳಗಾಂ, ಶಿಮೊಗ್ಗ. 2014ರ ನವೆಂಬರ್ 1ರಂದು ಹೆಸರು ಬದಲಾದ ಮೇಲಿನ ಕೋಷ್ಟಕಗಳಲ್ಲಿರುವುದು ಕಲಬುರಗಿ, ವಿಜಯಪುರ, ಬೆಳಗಾವಿ, ಶಿವಮೊಗ್ಗ. ಹೋಲುವ ಹೆಸರುಗಳನ್ನು ತಾನೇ ಹುಡುಕಿ ಜೋಡಿಸುವ ಪ್ಯಾಕೇಜುಗಳು (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಆಜ್ಞೆಗಳ ಕಟ್ಟುಗಳು) ಇವೆ, ನಮ್ಮ ರಾಜ್ಯದ ಮಟ್ಟಿಗೆ ಅವುಗಳ ಗೊಡವೆಗೆ ಹೋಗದಿರುವುದೇ ಲೇಸು. ವಿಜಯಪುರವನ್ನೂ ವಿಜಯನಗರವನ್ನೂ ಅವು ಒಂದೇ ಎಂದು ಬಗೆದಾವು. ಜಿಲ್ಲೆಗಳು 30–31 ಮಾತ್ರ. ಹಳೆಯ ಹೆಸರು ಒಂದು ಕಾಲಂ, ಹೊಸ ಹೆಸರು ಇನ್ನೊಂದು ಕಾಲಂ ಎಂದು ಕೈಯಿಂದಲೇ ಒಂದು ಪಟ್ಟಿ ಮಾಡಿ, ಅದರ ಮೂಲಕ ಜೋಡಿಸಿ. ಜೋಡಿಸಿದ ಮೇಲೆ ಹೊಂದದೆ ಉಳಿದ ಸಾಲುಗಳನ್ನು ಡಿಪ್ಲೈರ್ ಪ್ಯಾಕೇಜಿನ ಆ್ಯಂಟಿಜಾಯಿನ್‌ನಿಂದ ಹೊರತೆಗೆದು ನೋಡಿ.

ಆಗಲೂ ವಿಜಯನಗರ ಉಳಿಯುತ್ತದೆ. 2021ರಲ್ಲಿ ರಚನೆಯಾದ ಈ ಜಿಲ್ಲೆಗೆ 2011ರ ಕೋಷ್ಟಕದಲ್ಲಿ ಸಾಲೇ ಇಲ್ಲ. ಹಳೆಯ ಬಳ್ಳಾರಿಯ ತಾಲ್ಲೂಕುಗಳನ್ನು ಎರಡು ಪಾಲು ಮಾಡಿದರಾಯಿತು ಎನಿಸಬಹುದು, ಆದರೆ ಈಗ ವಿಜಯನಗರದಲ್ಲಿರುವ ಹರಪನಹಳ್ಳಿ ಆ ಜನಗಣತಿಯ ಹೊತ್ತಿಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಆಗ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದ ಕಂಪ್ಲಿ ಈಗ ಬಳ್ಳಾರಿಯಲ್ಲೇ ಉಳಿದಿದೆ. ಗ್ರಾಮಮಟ್ಟದ ಅಂಕಿಗಳಿಂದ ಮತ್ತೆ ಕಟ್ಟುವ ವ್ಯವಧಾನ ಇಲ್ಲದಿದ್ದರೆ, ಇಂದಿನ ಬಳ್ಳಾರಿ, ವಿಜಯನಗರ, ದಾವಣಗೆರೆ ಮೂರನ್ನೂ ಒಂದು ಘಟಕವಾಗಿ ಕೂಡಿ, 2011ರ ಬಳ್ಳಾರಿ ಮತ್ತು ದಾವಣಗೆರೆಗಳ ಮೊತ್ತಕ್ಕೆ ಹೋಲಿಸಿ, ಹಾಗೆ ಮಾಡಿದ್ದೇವೆಂದು ಕೋಷ್ಟಕದ ಕೆಳಗೆ ಬರೆಯಿರಿ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ, ಶಿಕ್ಷಣಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಒಂದು ಶಾಲೆಯ 60 ಮಕ್ಕಳಿಗೆ ಹೊಸ ವಿಧಾನದಲ್ಲಿ, ಇನ್ನೊಂದು ಶಾಲೆಯ 60 ಮಕ್ಕಳಿಗೆ ಹಳೆಯ ವಿಧಾನದಲ್ಲಿ ಗಣಿತ ಕಲಿಸಿ ಅಂಕಗಳನ್ನು ಹೋಲಿಸಿದ್ದೇನೆ. ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ ಪರೀಕ್ಷೆಯಲ್ಲಿ ಪಿ ಮೌಲ್ಯ 0.01ಕ್ಕಿಂತ ಕಡಿಮೆ ಬಂದಿದೆ, ಆದರೂ ಪರಿಶೀಲಕರು ಒಪ್ಪುತ್ತಿಲ್ಲ. ಬೇರೆ ಯಾವ ಪರೀಕ್ಷೆ ಅಥವಾ ಯಾವ ಪ್ಯಾಕೇಜ್ ಬಳಸಬೇಕು?
— ಶಿಕ್ಷಕ, ತುಮಕೂರು

ಉತ್ತರ: ಯಾವ ಪ್ಯಾಕೇಜೂ ನಿಮ್ಮನ್ನು ಇಲ್ಲಿಂದ ಪಾರು ಮಾಡಲಾರದು. ನೀವು ವಿಧಾನವನ್ನು ಹಂಚಿದ್ದು ಮಕ್ಕಳಿಗಲ್ಲ, ಶಾಲೆಗಳಿಗೆ. ಆದ್ದರಿಂದ ಹೋಲಿಕೆಯಲ್ಲಿರುವ ಸ್ವತಂತ್ರ ಘಟಕಗಳು 120 ಅಲ್ಲ, ಎರಡು. ಮೊದಲ ಶಾಲೆಯ ಮಕ್ಕಳು ಹೆಚ್ಚು ಅಂಕ ಪಡೆದದ್ದು ಹೊಸ ವಿಧಾನದಿಂದಲೋ, ಆ ಶಾಲೆಯ ಶಿಕ್ಷಕರಿಂದಲೋ, ಮನೆಪಾಠದಿಂದಲೋ ಎಂದು ಈ ಅಂಕಗಳು ಬೇರ್ಪಡಿಸಿ ಹೇಳಲಾರವು. ಶಾಲೆಯ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಮಾದರಿಗಳು ಎಲ್‌ಎಂಇ4 ಪ್ಯಾಕೇಜಿನಲ್ಲಿವೆ, ಆದರೆ ಒಂದೊಂದು ವಿಧಾನಕ್ಕೆ ಒಂದೇ ಶಾಲೆ ಇರುವಾಗ ಅವಕ್ಕೂ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪರಿಶೀಲಕರು ಕಾಡುತ್ತಿಲ್ಲ, ಸರಿಯಾದುದನ್ನೇ ಕೇಳುತ್ತಿದ್ದಾರೆ.

1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರನ್ನು ಕೇಳುವುದು ಶವಪರೀಕ್ಷೆ ಮಾಡಿಸಿದಂತೆ ಎಂಬರ್ಥದ ಮಾತು ಆಡಿದ್ದರು. ಅವರಷ್ಟು ಕಠಿಣವಾಗಿ ನಾನು ಹೇಳಲಾರೆ. ಎರಡು ಶಾಲೆಗಳ ಅಂಕಗಳ ಹರವನ್ನು ಚಿತ್ರಸಹಿತ ವಿವರಿಸಿ, ವಿಧಾನ ಆರಂಭಿಸುವ ಮೊದಲಿನ ಅಂಕಗಳಿದ್ದರೆ ಅವನ್ನೂ ಜೊತೆಗಿಟ್ಟು, ಪಿ ಮೌಲ್ಯವನ್ನು ಬಿಟ್ಟು, ಇದನ್ನು ಪ್ರಾಯೋಗಿಕ ಪೂರ್ವ ಅಧ್ಯಯನವೆಂದು ಮಂಡಿಸಬಹುದು. ಮುಂದಿನ ವರ್ಷ ಅವಕಾಶವಿದ್ದರೆ ಒಂದೇ ಶಾಲೆಯ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಅದಾಗದಿದ್ದರೆ ಹತ್ತಾರು ಶಾಲೆಗಳನ್ನು ಸೇರಿಸಿಕೊಂಡು ಯಾವ ಶಾಲೆಗೆ ಯಾವ ವಿಧಾನ ಎಂಬುದನ್ನು ಚೀಟಿಗೇ ಬಿಡಿ.

ಪ್ರಶ್ನೆ: ತಾಲ್ಲೂಕುಗಳ ಕನ್ನಡ ಹೆಸರುಗಳಿರುವ ಒಂದು ಫೈಲ್ ತೆರೆದರೆ ಅಕ್ಷರಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬರುತ್ತವೆ. ಇನ್ನೊಂದು ಫೈಲಿನಲ್ಲಿ ಹೆಸರುಗಳು ಸರಿಯಾಗಿ ಕಂಡರೂ ಜೋಡಿಸುವಾಗ ‘ಎಚ್.ಡಿ. ಕೋಟೆ’ ಹೊಂದುವುದಿಲ್ಲ.
— ಓದುಗ, ಮೈಸೂರು

ಉತ್ತರ: ಮೊದಲನೆಯದಕ್ಕೆ ಎರಡು ಕಾರಣಗಳಿರಬಹುದು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಯಾಗಿದ್ದರೆ ಫೈಲಿನೊಳಗಿರುವುದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣಿಸುವ ರೋಮನ್ ಸಂಕೇತಗಳು. ಪರಿವರ್ತಕ ಬಳಸಿ ಯೂನಿಕೋಡ್ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಯೂನಿಕೋಡ್‌ನಲ್ಲೇ ಇದ್ದೂ ಎಕ್ಸೆಲ್‌ನಲ್ಲಿ ಮಾತ್ರ ಕೆಡುತ್ತಿದ್ದರೆ, ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯುವ ಬದಲು ಡೇಟಾ ಮೆನುವಿನಿಂದ ಆಮದು ಮಾಡಿಕೊಂಡು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಕ್ರಮ) ಆರಿಸಿ. ವಿಂಡೋಸ್‌ನಲ್ಲಿ ಆರ್ ಬಳಸುವವರು 4.2.0 ಅಥವಾ ಅದರ ನಂತರದ ಆವೃತ್ತಿ ಹಾಕಿಕೊಂಡರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ತೊಂದರೆ. ‘ಎಚ್’ ಆದ ಮೇಲೆ ಕೆಲವರ ಕೀಲಿಮಣೆ ಒತ್ತಕ್ಷರ ತಡೆಯುವ ಅದೃಶ್ಯ ಚಿಹ್ನೆಯೊಂದನ್ನು ಸೇರಿಸುತ್ತದೆ, ಕೆಲವರದು ಸೇರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಅಥವಾ ಬಿಡಿ ತುಂಡುಗಳಾಗಿ ದಾಖಲಿಸಬಹುದು. ಎರಡೂ ಕಡೆಯ ಹೆಸರಿಗೆ ಎನ್‌ಚಾರ್ ಆಜ್ಞೆ ಕೊಟ್ಟು ಅಕ್ಷರಗಳ ಸಂಖ್ಯೆ ನೋಡಿ, ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಸ್ಟ್ರಿಂಗೈ ಪ್ಯಾಕೇಜಿನ ಎನ್‌ಎಫ್‌ಸಿ ಆಜ್ಞೆಯಿಂದ ಎರಡನ್ನೂ ಒಂದೇ ರೂಪಕ್ಕೆ ತನ್ನಿ. ಅದೃಶ್ಯ ಚಿಹ್ನೆ ಅದರಿಂದ ಹೋಗುವುದಿಲ್ಲ; ಅದನ್ನು ಜಿಸಬ್‌ನಿಂದ ಬೇರೆಯಾಗಿ ತೆಗೆಯಬೇಕು, ಅದೂ ಜೋಡಿಸಲೆಂದು ಮಾಡಿಕೊಂಡ ಪ್ರತಿಯಲ್ಲಿ ಮಾತ್ರ, ಏಕೆಂದರೆ ಮೂಲ ಕಾಲಂನಲ್ಲೇ ತೆಗೆದುಬಿಟ್ಟರೆ ಬೇರೆ ಹೆಸರುಗಳಲ್ಲಿ ಬೇಡದ ಒತ್ತಕ್ಷರಗಳು ಕೂಡಿಕೊಳ್ಳುತ್ತವೆ.