ಪ್ಯಾರಾಬೆನ್ ಇಲ್ಲದ ಶಾಂಪೂ ಮೀನಿಗೆ ಒಳ್ಳೆಯದೇ?

ಪ್ರಶ್ನೆ: ನಾನು ಬಳಸುವ ಶಾಂಪೂವಿನಲ್ಲಿ ಮೀಥೈಲ್‌ಪ್ಯಾರಾಬೆನ್, ಪ್ರೊಪೈಲ್‌ಪ್ಯಾರಾಬೆನ್ ಇವೆ. ಇವು ನೀರು ಸೇರಿ ಮೀನುಗಳನ್ನು ಕೊಲ್ಲುತ್ತವೆ ಎಂದು ಓದಿದೆ. ‘ಪ್ಯಾರಾಬೆನ್ ಮುಕ್ತ’ ಎಂದು ಬರೆದಿರುವುದನ್ನು ಕೊಂಡರೆ ಸಾಕಾ? ಮನೆಯಲ್ಲಿ ಅಕ್ವೇರಿಯಂ ಕೂಡ ಇದೆ. ಅದಕ್ಕೇನಾದರೂ ತೊಂದರೆ ಆಗುತ್ತದಾ?

ಉತ್ತರ: ಅಷ್ಟೇ ಸಾಕಾಗುವುದಿಲ್ಲ. ಪ್ಯಾರಾಬೆನ್ ತೆಗೆದ ಜಾಗಕ್ಕೆ ಏನು ಹಾಕಿದ್ದಾರೆ ಎಂದು ನೋಡಲೇಬೇಕು. ಶಾಂಪೂ, ಕ್ರೀಮುಗಳಲ್ಲಿ ನೀರಿನಂಶ ಇರುವುದರಿಂದ ಬ್ಯಾಕ್ಟೀರಿಯಾ, ಬೂಷ್ಟು ಬೇಗ ಬೆಳೆಯುತ್ತವೆ. ಅವನ್ನು ತಡೆಯಲೆಂದೇ ಪ್ಯಾರಾಬೆನ್‌ನಂಥ ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು) ಹಾಕುವುದು. ಸೂಕ್ಷ್ಮಜೀವಿಗಳನ್ನು ಕೊಲ್ಲುವುದೇ ಅದರ ಕೆಲಸ. ಬಚ್ಚಲ ಮೋರಿ ದಾಟಿದ ಮಾತ್ರಕ್ಕೆ ಆ ಕೆಲಸ ನಿಲ್ಲುವುದಿಲ್ಲ, ಅಲ್ವಾ?

ಪ್ಯಾರಾಬೆನ್‌ಗಳೆಲ್ಲ ಒಂದೇ ಕುಟುಂಬದವು, ಆದರೆ ಎಲ್ಲದರ ವಿಷ ಒಂದೇ ಮಟ್ಟದ್ದಲ್ಲ. ಅಣುವಿನ ಬಾಲ ಉದ್ದವಾದಷ್ಟೂ ಅದು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಜೀವಕೋಶದ ಪೊರೆಯೊಳಗೆ ಸುಲಭವಾಗಿ ನುಗ್ಗುತ್ತದೆ. ಹಾಗಾಗಿ ಚಿಕ್ಕ ಬಾಲದ ಮೀಥೈಲ್ ಸೌಮ್ಯ, ದೊಡ್ಡ ಬಾಲದ ಬ್ಯೂಟೈಲ್ ಮತ್ತು ಬೆಂಜೈಲ್ ಜೋರು.

ಇದನ್ನು ಅಳೆಯಲು ಹೆಚ್ಚಾಗಿ ಬಳಸುವುದು ಡಾಫ್ನಿಯಾ ಎಂಬ ನೀರುಚಿಗಟ. ಉದ್ದ ಕೆಲವೇ ಮಿಲಿಮೀಟರ್. ಮೈ ಪಾರದರ್ಶಕ. ಸೂಕ್ಷ್ಮದರ್ಶಕದಡಿ ಇಟ್ಟರೆ ಹೃದಯ ಪಟಪಟ ಬಡಿಯುವುದು, ಬೆನ್ನಿನ ಚೀಲದಲ್ಲಿ ಮೊಟ್ಟೆಗಳು ಕೂತಿರುವುದು ಎಲ್ಲ ಕಾಣುತ್ತದೆ. ಮರಿಗಳನ್ನು 48 ಗಂಟೆ ರಾಸಾಯನಿಕ ಬೆರೆತ ನೀರಿನಲ್ಲಿಟ್ಟು, ಆಮೇಲೆ ಬೀಕರನ್ನು ಮೆಲ್ಲಗೆ ಅಲುಗಿಸುತ್ತಾರೆ. 15 ಸೆಕೆಂಡಿನೊಳಗೆ ಈಜದಿದ್ದರೆ ಅದು ಸೋತಿತು ಎಂದೇ ಲೆಕ್ಕ. ಅರ್ಧದಷ್ಟು ಮರಿಗಳು ಸೋಲಲು ಲೀಟರಿಗೆ ಮೀಥೈಲ್‌ಪ್ಯಾರಾಬೆನ್ ಹತ್ತಾರು ಮಿಲಿಗ್ರಾಂ ಬೇಕು, ಬ್ಯೂಟೈಲ್ ಆದರೆ ಕೆಲವೇ ಮಿಲಿಗ್ರಾಂ ಸಾಕು.

ನದಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ, ಕೊಳಕು ಜಾಸ್ತಿ ಇದ್ದಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಅಂದರೆ 10 ಲಕ್ಷ ನ್ಯಾನೊಗ್ರಾಂ. ಆದ್ದರಿಂದ ನಿಮ್ಮ ಶಾಂಪೂವಿನ ಪ್ಯಾರಾಬೆನ್‌ನಿಂದ ನದಿಯ ಮೀನು ಸತ್ತು ತೇಲುತ್ತದೆ ಎನ್ನುವುದು ಅತಿಯಾಯಿತು.

ಆದರೆ ಸಾಯಲಿಲ್ಲ ಎಂದ ಮಾತ್ರಕ್ಕೆ ಕ್ಷೇಮ ಎಂದೂ ಅಲ್ಲ. ಪ್ಯಾರಾಬೆನ್‌ಗಳು ಹೆಣ್ಣು ಹಾರ್ಮೋನಾದ ಈಸ್ಟ್ರೊಜನ್ ಥರ ವರ್ತಿಸುತ್ತವೆ, ದುರ್ಬಲವಾಗಿಯಾದರೂ. ಅಂಥ ರಾಸಾಯನಿಕಗಳು ಸಾಕಷ್ಟು ಸೇರಿದರೆ ಗಂಡು ಮೀನಿನ ಮೈಯಲ್ಲೂ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ತಯಾರಾಗುತ್ತದೆ. ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕೆನಡಾದ ಒಂದು ಪ್ರಯೋಗವಿದೆ. ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು 2001ರಿಂದ ಮೂರು ಬೇಸಿಗೆ ಒಂದು ಸರೋವರಕ್ಕೆ ಬೆರೆಸಿದರು. ಲೀಟರಿಗೆ ಬರೀ 5–6 ನ್ಯಾನೊಗ್ರಾಂ. ಅಲ್ಲಿನ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ಅಳಿದೇ ಹೋಯಿತು. ಆ ಹಾರ್ಮೋನು ಪ್ಯಾರಾಬೆನ್‌ಗಿಂತ ಎಷ್ಟೋ ಪಟ್ಟು ಪ್ರಬಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ಆದರೂ ಈ ದಾರಿಯಲ್ಲಿ ಮೀನು ಒಂದೊಂದಾಗಿ ಸಾಯುವುದಿಲ್ಲ, ಮರಿಯಾಗುವುದೇ ನಿಂತುಹೋಗುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

‘ಪ್ಯಾರಾಬೆನ್ ಬೇಗ ಕೊಳೆಯುತ್ತದೆ’ ಎಂಬ ಮಾತೂ ಕೇಳಿರಬಹುದು. ನಿಜ. ಶುದ್ಧೀಕರಣ ಘಟಕಗಳಲ್ಲಿ ಬಹುಪಾಲು ಕೊಳೆತುಹೋಗುತ್ತದೆ. ಆದರೆ ತೂತಿನ ಕೊಡವಾದರೂ ಮೇಲೆ ನಲ್ಲಿ ಸದಾ ಸುರಿಯುತ್ತಿದ್ದರೆ ಖಾಲಿ ಆಗುವುದೇ ಇಲ್ಲ. ದಿನಾ ಲಕ್ಷಾಂತರ ಮನೆಗಳಿಂದ ಬರುತ್ತಲೇ ಇರುತ್ತದಲ್ಲ! ಮೇಲಾಗಿ ನೀರಿನ ಕ್ಲೋರಿನ್ ಜೊತೆ ಸೇರಿದರೆ ಇನ್ನೂ ತಡವಾಗಿ ಕೊಳೆಯುವ ಸಂಯುಕ್ತಗಳು ಹುಟ್ಟುತ್ತವೆ.

ಈಗ ಬದಲಿಗಳ ವಿಷಯ. ಲೇಬಲ್‌ನಲ್ಲಿ ಮೀಥೈಲ್‌ಐಸೊಥಯಜೊಲಿನೋನ್ ಇದೆಯಾ ನೋಡಿ. ಚರ್ಮದ ಅಲರ್ಜಿಯ ಕಾರಣಕ್ಕೆ ಐರೋಪ್ಯ ಒಕ್ಕೂಟ 2017ರಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಇದನ್ನು ನಿಷೇಧಿಸಿತು. ತೊಳೆದುಬಿಡುವಂಥವುಗಳಲ್ಲಿ ಶೇ 0.0015ರ ಮಿತಿ ಇದೆ. ಪಾಚಿಗೆ ಇದು ಪ್ಯಾರಾಬೆನ್‌ಗಿಂತ ಬಹಳ ವಿಷ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ, ಬ್ಯಾಕ್ಟೀರಿಯಾ ಕೊಲ್ಲಲೆಂದು ಸೋಪು ಮುಂತಾದವುಗಳಿಗೆ ಹಾಕುವ ಟ್ರೈಕ್ಲೋಸಾನ್‌ನದು. ಬ್ಯಾಕ್ಟೀರಿಯಾ ಕೊಬ್ಬು ತಯಾರಿಸುವುದನ್ನು ಇದು ತಡೆಯುತ್ತದೆ. ಪಾಚಿಯಲ್ಲೂ ಅದೇ ಬಗೆಯ ವ್ಯವಸ್ಥೆ ಇರುವುದರಿಂದ ಅತಿ ಕಡಿಮೆ ಪ್ರಮಾಣಕ್ಕೇ ಪಾಚಿ ಬಲಿಯಾಗುತ್ತದೆ. ಪಾಚಿ ಹೋದರೆ ಅದನ್ನು ತಿನ್ನುವ ಡಾಫ್ನಿಯಾಗೆ, ಡಾಫ್ನಿಯಾ ತಿನ್ನುವ ಮೀನಿಗೆ ಊಟವಿಲ್ಲ. ಗೊದಮೊಟ್ಟೆ ಕಪ್ಪೆಯಾಗಲು ಥೈರಾಯ್ಡ್ ಹಾರ್ಮೋನ್ ಬೇಕು. ಟ್ರೈಕ್ಲೋಸಾನ್ ಅದಕ್ಕೂ ಅಡ್ಡ ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಸೂಕ್ಷ್ಮಜೀವಿಗಳು ಇದನ್ನು ಸ್ವಲ್ಪ ಬದಲಿಸಿದಾಗ ಹುಟ್ಟುವ ಮೀಥೈಲ್ ಟ್ರೈಕ್ಲೋಸಾನ್ ಮೀನಿನ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ, ಜನಬಳಕೆಯ ಆ್ಯಂಟಿಬ್ಯಾಕ್ಟೀರಿಯಲ್ ಸೋಪುಗಳಲ್ಲಿ ಇದು ಇರಬಾರದು ಎಂದಿತು. ಮಾಮೂಲಿ ಸೋಪಿಗಿಂತ ಇದು ಮೇಲು ಎನ್ನಲು ಪುರಾವೆಯೇ ಸಿಗಲಿಲ್ಲ. ದಯವಿಟ್ಟು ಇದಿರುವುದನ್ನು ಕೊಳ್ಳಬೇಡಿ.

ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಇರುವುದು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಎರಡೂ ಬೇಗ ಕೊಳೆಯುತ್ತವೆ, ಜಲಜೀವಿಗಳಿಗೆ ವಿಷ ಕಡಿಮೆ. ಅವಧಿ ಮುಗಿದ ಬಾಟಲಿಯನ್ನು ಸುಮ್ನೆ ಮೋರಿಗೆ ಸುರಿಯಬೇಡಿ, ಕಸದ ಜೊತೆ ಕೊಡಿ.

ಇನ್ನು ಅಕ್ವೇರಿಯಂ. ಇಲ್ಲಿ ನಿಜವಾಗಿ ಹುಷಾರಾಗಿರಬೇಕು, ಏಕೆಂದರೆ ನದಿಯ ಹಾಗೆ ತೆಳುವಾಗಿಸುವಷ್ಟು ನೀರು ಇಲ್ಲಿಲ್ಲ. ಕ್ರೀಮುಗಳಲ್ಲಿ ಹಾಕುವ ಫಿನಾಕ್ಸಿಎಥನಾಲ್ ಅನ್ನು ಮೀನಿನ ಅರಿವಳಿಕೆಯಾಗಿಯೂ ಬಳಸುತ್ತಾರೆ! ಸೋಪು, ಶಾಂಪೂವಿನ ನೊರೆ ಬರಿಸುವ ಅಂಶ ಕಿವಿರುಗಳನ್ನೇ ಕೆಡಿಸುತ್ತದೆ. ಕ್ರೀಮ್, ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ತೊಟ್ಟಿಗೆ ಹಾಕಬೇಡಿ. ಮೊದಲು ತೊಳೆದು, ಸೋಪಿನ ಜಾರು ಪೂರ್ತಿ ಹೋಗುವವರೆಗೆ ಬರೀ ನೀರಿನಲ್ಲಿ ಉಜ್ಜಿ. ಅಪ್ಪಿತಪ್ಪಿ ಏನಾದರೂ ಬಿದ್ದು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ, ಕ್ಲೋರಿನ್ ತೆಗೆದ, ಅಷ್ಟೇ ಬಿಸಿಯಿರುವ ಬೇರೆ ನೀರಿಗೆ ತಕ್ಷಣ ಬಿಡಿ.