ಒಣಗಿದ ಪೇಸ್ಟ್

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಅಂತ ಗೊತ್ತಾಗಿ ನಾಲ್ಕು ವರ್ಷವಾಯಿತು. ಮಾತ್ರೆ ತಪ್ಪಿಸುವುದಿಲ್ಲ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳೂ ಕಡಿಮೆಯಾಗಿವೆ. ಆದರೆ ಹೊತ್ತಿನ ಪರಿವೆಯೇ ಇಲ್ಲ. ಮೊನ್ನೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಬಚ್ಚಲಲ್ಲಿ ಬ್ರಶ್ ಹಿಡಿದುಕೊಂಡು ಮುಕ್ಕಾಲು ಗಂಟೆ ನಿಂತಿದ್ದ. ಪೇಸ್ಟ್ ಒಣಗಿಹೋಗಿತ್ತು. ಕೇಳಿದರೆ ‘ಈಗ ತಾನೇ ಬಂದೆ ಅಕ್ಕ’ ಅಂದ. ನನಗೆ ರೇಗಿ ಬ್ರಶ್ ಕಿತ್ತು ಎಸೆದೆ. ಅಪ್ಪ ಇದೆಲ್ಲ ಸೋಮಾರಿತನ ಅನ್ನುತ್ತಾರೆ. ಅಮ್ಮ ಇಲ್ಲ. ಈಗ ನನಗೆ ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಅವನನ್ನು ಎಬ್ಬಿಸಿ, ಹೊರಡಿಸಿ, ಊಟಕ್ಕೆ ಕೂರಿಸುವವಳು ನಾನೇ. ಹೋಗಲಾ, ಬೇಡವಾ?
— ಹೆಸರು ಬೇಡ, ಹನುಮಂತನಗರ, ಬೆಂಗಳೂರು

ಉತ್ತರ: ನಿಮ್ಮ ತಮ್ಮ ಸುಳ್ಳು ಹೇಳಿಲ್ಲ ಕಣಮ್ಮ. ಅವನ ಪಾಲಿಗೆ ಆಗ ತಾನೇ ಬಂದ ಹಾಗೆಯೇ ಇದ್ದಿರಬಹುದು.

ರುಚಿಗೆ ನಾಲಿಗೆ ಇದೆ, ಬಣ್ಣಕ್ಕೆ ಕಣ್ಣಿದೆ. ಹೊತ್ತು ಅಳೆಯಲು ಅಂತಲೇ ಮೈಯಲ್ಲಿ ಬೇರೆ ಅಂಗ ಇಲ್ಲ. ಒಲೆ ಮೇಲೆ ಹಾಲಿಟ್ಟು ಬೇರೆ ಕೆಲಸ ಮಾಡುತ್ತಿದ್ದರೂ, ಇನ್ನೇನು ಉಕ್ಕುತ್ತದೆ ಅನ್ನುವಾಗ ಎದ್ದು ಹೋಗುತ್ತೀರಿ ಅಲ್ವಾ? ಆ ಅಂದಾಜನ್ನು ಮಿದುಳಿನ ಹಲವು ಭಾಗಗಳು ಸೇರಿ ಹಾಕುತ್ತವೆ. ಹಣೆಯ ಹಿಂದಿನ ಭಾಗ, ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ತಲೆಯ ಹಿಂಬದಿಯ ಕಿರುಮಿದುಳು. ಡೋಪಮಿನ್ ಅನ್ನುವ ರಾಸಾಯನಿಕ ಏರುಪೇರಾದರೆ ಈ ಲೆಕ್ಕವೂ ಅಲುಗಾಡುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಹದ ತಪ್ಪುವುದೂ ಅದೇ ಡೋಪಮಿನ್.

ಇದನ್ನು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಎರಡು ಬೀಪ್ ಸದ್ದು ಕೇಳಿಸಿ, ಯಾವುದು ಜಾಸ್ತಿ ಹೊತ್ತು ಇತ್ತು ಅಂತ ಕೇಳುತ್ತಾರೆ. ಈ ಕಾಯಿಲೆ ಇರುವವರ ಉತ್ತರ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೆಚ್ಚು ಓಲಾಡುತ್ತದೆ. ಒಂದರ ಹಿಂದೆ ಒಂದು ಎರಡು ದೀಪ ಹೊತ್ತಿಸಿದರೆ, ಎರಡೂ ಬೇರೆ ಬೇರೆ ಹೊತ್ತಿಗೆ ಬಂದವು ಅಂತ ಗುರುತಿಸಲು ಅವರಿಗೆ ನಮಗಿಂತ ಹೆಚ್ಚು ಅಂತರ ಬೇಕು. ಅಂತರ ಅಂದರೆ ಕ್ಷಣದ ಚೂರು, ಅಷ್ಟೇ. ಆದರೆ ಆ ಚೂರುಗಳನ್ನು ಪೋಣಿಸಿಕೊಂಡೇ ನಾವು ಮಾತು ಕೇಳುವುದು, ರಸ್ತೆ ದಾಟುವುದು.

ಮುಕ್ಕಾಲು ಗಂಟೆ ನಿಂತಿದ್ದಕ್ಕೆ ಇದೊಂದೇ ಕಾರಣ ಇರಲಿಕ್ಕಿಲ್ಲ. ಕೆಲಸಕ್ಕೆ ಕೈ ಹಾಕುವ ಹುರುಪೇ ಕುಂದುವುದು ಈ ಕಾಯಿಲೆಯ ಇನ್ನೊಂದು ಲಕ್ಷಣ. ಮಾತ್ರೆಯ ಮಂಪರೂ ಇರಬಹುದು. ಮುಂದಿನ ಸಲ ಡಾಕ್ಟರಿಗೆ ಆ ಬೆಳಗಿನ ಕಥೆಯನ್ನು ಇದ್ದ ಹಾಗೆ ಹೇಳಿ. ಮಾತ್ರೆಯನ್ನು ನೀವೇ ಕಡಿಮೆ ಮಾಡಲು ಮಾತ್ರ ಹೋಗಬೇಡಿ.

ಅಪ್ಪನ ಜೊತೆ ಒಮ್ಮೆ ಕೂತು ಮಾತಾಡಿ. ಮನೆಯಲ್ಲಿ ಸದಾ ಬೈಗುಳ, ಟೀಕೆ ಇದ್ದರೆ ಈ ಕಾಯಿಲೆ ಮರುಕಳಿಸುವುದು ಹೆಚ್ಚು. ಇದು ಎಷ್ಟೋ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ನಿಮ್ಮನ್ನು ನಾನು ದೂರುತ್ತಿಲ್ಲ. ನಾಲ್ಕು ವರ್ಷದಿಂದ ಒಬ್ಬಳೇ ಹೊತ್ತಿದ್ದೀರಿ, ಒಂದು ದಿನ ತಾಳ್ಮೆ ಕೆಟ್ಟಿದೆ. ಅವನಿಗೊಂದು ಹೊಸ ಬ್ರಶ್ ತಂದುಕೊಟ್ಟು ‘ತಪ್ಪಾಯ್ತು ಕಣೋ’ ಅನ್ನಿ. ಸಾಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವನ ಮನೆಯಲ್ಲಿ ಸದ್ಯಕ್ಕೆ ಗಡಿಯಾರ ಅಂದರೆ ನೀವು. ಆ ಕೆಲಸವನ್ನು ಬೇರೆ ವಸ್ತುಗಳಿಗೆ ಒಪ್ಪಿಸಬೇಕು. ‘ಬೇಗ ಬಾ’, ‘ಐದೇ ನಿಮಿಷ’ ಅನ್ನುವ ಮಾತು ಅವನಿಗೆ ಹಿಡಿಯಲು ಸಿಗುವುದಿಲ್ಲ. ‘ಬಕೆಟ್ಟಿನ ನೀರು ಮುಗಿದರೆ ಸ್ನಾನ ಮುಗಿಯಿತು’ ಅನ್ನುವುದು ಸಿಗುತ್ತದೆ. ಬಕೆಟ್ ಖಾಲಿಯಾಗುವುದು ಕಣ್ಣಿಗೆ ಕಾಣುತ್ತದೆ ನೋಡಿ. ಹಾಗೆಯೇ ರೇಡಿಯೊದಲ್ಲಿ ಬೆಳಗಿನ ವಾರ್ತೆ ಶುರುವಾದಾಗ ಹಲ್ಲುಜ್ಜುವುದು, ಮುಗಿದಾಗ ಬಾಯಿ ಮುಕ್ಕಳಿಸುವುದು. ಕುಕ್ಕರ್ ಮೂರನೇ ಸೀಟಿ ಹೊಡೆದರೆ ತಟ್ಟೆ ಹಾಕುವುದು. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಮುಗಿದ ದಿನವನ್ನು ರಾತ್ರಿ ಅವನೇ ಗೀಟು ಹಾಕಲಿ. ಎಲ್ಲವನ್ನೂ ಒಟ್ಟಿಗೆ ಹೇರಬೇಡಿ. ಮೊದಲ ವಾರ ಸ್ನಾನ ಒಂದೇ ಸಾಕು. ಜಾರುವ ದಿನಗಳೂ ಇರುತ್ತವೆ, ಆಗ ಸುಮ್ನೆ ಮತ್ತೆ ಶುರು ಮಾಡಿ.

ನಿಮ್ಮ ಮನೆಯಿಂದ ನಿಮ್ಹಾನ್ಸ್ ದೂರವೇನಲ್ಲ. ಅಲ್ಲಿ ಮನೋವೈದ್ಯಕೀಯ ಪುನರ್ವಸತಿ ವಿಭಾಗ ಇದೆ. ಹಗಲು ಹೊತ್ತು ಇದ್ದು ಕೆಲಸ ಕಲಿತು ಸಂಜೆ ಮನೆಗೆ ಬರಬಹುದು. ನಿಮ್ಮ ತಮ್ಮನಿಗೆ ಹೊಂದುತ್ತದೆಯೇ ಅಂತ ಡಾಕ್ಟರ ಹತ್ತಿರ ಕೇಳಿ. ದಿನಾ ಒಂದೇ ಹೊತ್ತಿಗೆ ಹೊರಡುವ ಒಂದು ಜಾಗ ಸಿಕ್ಕರೆ ಅರ್ಧ ದಿನಕ್ಕೆ ಆಕಾರ ಬಂದ ಹಾಗೆ.

ಪುಣೆಗೆ ಹೋಗಿ. ಯೋಚಿಸಿಯೇ ಹೇಳುತ್ತಿದ್ದೇನೆ. ಆದರೆ ನಾಳೆಯೇ ಬೇಡ, ಸೇರಲು ಒಂದು ತಿಂಗಳು ಗಡುವು ಕೇಳಿ. ಆ ತಿಂಗಳಲ್ಲಿ ರೇಡಿಯೊ ಹಾಕುವುದು, ಮಾತ್ರೆ ಎಣಿಸಿ ಕೊಡುವುದು ಅಪ್ಪನ ಕೈಗೆ ಬರಲಿ. ಮಗನ ಬೆಳಗು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿದರೆ ಸೋಮಾರಿತನದ ಮಾತು ತಾನಾಗಿ ಕಡಿಮೆಯಾದೀತು.

ಒಂದು ಎಚ್ಚರಿಕೆ ಅಪ್ಪನಿಗೆ ಗೊತ್ತಿರಲೇಬೇಕು. ನಿದ್ದೆ ಕೆಟ್ಟರೆ, ಅನುಮಾನ ಹೆಚ್ಚಿದರೆ, ಮಾತ್ರೆ ಬೇಡ ಅಂದರೆ, ಮುಂದಿನ ತಾರೀಕಿಗೆ ಕಾಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ನಡುರಾತ್ರಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಕ್ಯಾಲೆಂಡರಿನ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿ ಹೊರಡಿ.