ಆ ಹೊತ್ತಿನ ನಿದ್ದೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆ ತಾಯಿ ನನ್ನ ಮುಂದೆ ಮಗನ ಪೆಟ್ ಸ್ಕ್ಯಾನ್ (ಮೆದುಳು ಎಲ್ಲಿ ಎಷ್ಟು ಸಕ್ಕರೆ ಬಳಸುತ್ತಿದೆ ಅಂತ ತೋರಿಸುವ ಚಿತ್ರ) ರಿಪೋರ್ಟ್ ಇಟ್ಟರು. ಬಿಚ್ಚಿ ಮಡಚಿ ಮಡಿಕೆಯೇ ಹರಿಯುವಂತಾಗಿತ್ತು. ಒಂದು ಸಾಲಿನ ಕೆಳಗೆ ಪೆನ್ನಲ್ಲಿ ಎರಡು ಗೆರೆ. ಮೆದುಳಿನ ಎರಡೂ ಕಡೆ ಗ್ಲೂಕೋಸ್ ಬಳಕೆ ಕಡಿಮೆ, ನಿದ್ದೆ ಔಷಧಿಯ ಪರಿಣಾಮ ಇರಬಹುದು ಅಂತ ಅಲ್ಲಿ ಬರೆದಿತ್ತು.

"ಮೇಡಂ, ಅವತ್ತು ತುಂಬಾ ಹಠ ಮಾಡ್ತಿದ್ದ. ನಾನೇ ಮಲಗಿಸಿಬಿಡಿ ಅಂದೆ. ಅದರಿಂದಲೇ ಮೆದುಳು ಮಂಕಾಯ್ತಾ?"

ಮಗುವಿಗೆ 5 ವರ್ಷ. ಎರಡು ಔಷಧಿ ಕೊಟ್ಟರೂ ಫಿಟ್ಸ್ ನಿಂತಿಲ್ಲ. ಎಂಆರ್‌ಐನಲ್ಲಿ ಏನೂ ಕಂಡಿಲ್ಲ. ಆಪರೇಷನ್ ಮಾಡಬಹುದಾ ಅಂತ ತಿಳಿಯಲು ಈ ಸ್ಕ್ಯಾನ್.

ಎಷ್ಟು ರಾತ್ರಿ ಆ ಗೆರೆ ನೋಡಿಕೊಂಡು ಕೂತಿದ್ದರೋ! ಸ್ಕ್ಯಾನ್ ಓದಿದ ವೈದ್ಯರ ಜೊತೆ ಮಾತಾಡಿ, ಆಮೇಲೆ ಅವರಿಗೆ ಹೇಳಿದೆ: "ಇಲ್ಲಮ್ಮ, ಮೆದುಳಿಗೆ ಪೆಟ್ಟಾಗಿಲ್ಲ. ಆ ಹೊತ್ತಿನ ನಿದ್ದೆ ಚಿತ್ರದಲ್ಲಿ ಬಿದ್ದಿದೆ, ಅಷ್ಟೇ."

ಇದನ್ನು ಬಿಡಿಸಿ ಹೇಳಲೇಬೇಕಿತ್ತು. ಸ್ಕ್ಯಾನ್‌ಗೆ ಮುಂಚೆ ಚುಚ್ಚುವ ಎಫ್‌ಡಿಜಿ ಸಕ್ಕರೆಯಂಥದ್ದೇ, ವಿಕಿರಣ ಸೂಸುವ ಒಂದು ವಸ್ತು. ಮೆದುಳಿನ ಜೀವಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಆದರೆ ಪೂರ್ತಿ ಉರಿಸಲಾರದು. ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಪಾಲು ಸೇರುವುದು ಮೊದಲ 30-40 ನಿಮಿಷದಲ್ಲಿ. ಹಾಗಾಗಿ ಚಿತ್ರ ತೋರಿಸುವುದು ಮಗು ಮೆಷಿನ್ ಒಳಗೆ ಮಲಗಿದ್ದಾಗಿನ ಮೆದುಳನ್ನಲ್ಲ, ಆ ಅರ್ಧ ಗಂಟೆಯ ಮೆದುಳನ್ನು. ಆಗಲೇ ಪ್ರೊಪೊಫಾಲ್, ಮಿಡಾಜೊಲಾಮ್‌ನಂಥ ನಿದ್ದೆ ಔಷಧಿ ಕೊಟ್ಟಿದ್ದರೆ ಇಡೀ ಮೆದುಳು ಸಕ್ಕರೆ ಕಡಿಮೆ ಬಳಸುತ್ತದೆ. ಫಿಟ್ಸ್ ಹುಟ್ಟುವ ಜಾಗ ಫಿಟ್ಸ್ ಇಲ್ಲದ ಹೊತ್ತಲ್ಲಿ ಸಾಮಾನ್ಯವಾಗಿ ಸುತ್ತಲಿಗಿಂತ ಮಂಕಾಗಿರುತ್ತದೆ. ವೈದ್ಯರು ಹುಡುಕುವುದು ಅದನ್ನೇ. ಸುತ್ತಲೂ ಮಂಕಾದರೆ ಆ ವ್ಯತ್ಯಾಸ ಎದ್ದು ಕಾಣದೆ ಹೋಗಬಹುದು.

ಈ ಮಗುವಿಗೆ ಚುಚ್ಚುವ ಮುಂಚೆಯೇ ಮಲಗಿಸಿದ್ದರು. ಈ ಕ್ರಮದ ವಿಷಯ ತಾಯಿಗೆ ಯಾರೂ ಹೇಳಿರಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು.

"ಹಾಗಾದ್ರೆ ಮುಂದಿನ ಸಲ ನಿದ್ದೆ ಮದ್ದು ಬೇಡ ಅನ್ನಲಾ?" ಅಂತ ಕೇಳಿದರು. ಬೇಡ ಅನ್ನಬೇಡಿ, ಯಾವಾಗ ಕೊಡ್ತೀರಿ ಅಂತ ಕೇಳಿ ಅಂದೆ. ಮೊದಲು ಎಫ್‌ಡಿಜಿ, ಆಮೇಲೆ ಮಂದ ಬೆಳಕಲ್ಲಿ ಸುಮ್ನೆ ಇರುವುದು, ಅದು ಸೇರಿದ ಮೇಲೆ ನಿದ್ದೆ ಔಷಧಿ. ಎಫ್‌ಡಿಜಿಯ ವಿಕಿರಣ ಅರ್ಧಕ್ಕೆ ಇಳಿಯಲು ಸುಮಾರು 110 ನಿಮಿಷ ಬೇಕು, ಕಾಯಲು ಸಮಯವಿದೆ. ಮಗುವಿಗೆ ಯಾವ ಕ್ರಮ ಸುರಕ್ಷಿತ ಅನ್ನುವ ಕೊನೆಯ ಮಾತು ಅರಿವಳಿಕೆ ವೈದ್ಯರದ್ದು.

ಸುಮ್ನೆ ಇರುವುದು ಅಭ್ಯಾಸವಾಗಲಿ ಅಂತ ಮನೆಯಲ್ಲಿ ದಿನಾ ಮೊಬೈಲ್, ಮಾತು ಎರಡೂ ಇಲ್ಲದೆ 5 ನಿಮಿಷ ಜೊತೆಗೆ ಮಲಗಿ, ನಿಧಾನಕ್ಕೆ ಸಮಯ ಜಾಸ್ತಿ ಮಾಡಿ ಅಂದೆ. ಉಪವಾಸದ ಹೊತ್ತು ಆಸ್ಪತ್ರೆಯವರು ಹೇಳಿದಂತೆಯೇ ಇರಲಿ. ಫಿಟ್ಸ್ ಮಾತ್ರೆಯನ್ನು ನೀವಾಗಿ ತಪ್ಪಿಸಬೇಡಿ. ಸ್ಕ್ಯಾನ್ ದಿನ ಬೆಳಿಗ್ಗೆ ಫಿಟ್ಸ್ ಬಂದರೆ ಮುಚ್ಚಿಡದೆ ಹೇಳಿ, ಯಾಕಂದ್ರೆ ಎಫ್‌ಡಿಜಿ ಸೇರುವ ಹೊತ್ತಲ್ಲಿ ಫಿಟ್ಸ್ ಆದರೆ ಮಂಕಾಗಬೇಕಾದ ಜಾಗವೇ ಹೊಳೆಯಬಹುದು. ಅದಕ್ಕೇ ಆ ಹೊತ್ತಲ್ಲಿ ಇಇಜಿ (ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಹಾಕ್ತಾರಾ ಅಂತಲೂ ಕೇಳಿ.

ಮುಂದಿನ ಸ್ಕ್ಯಾನ್ ದಿನ ಬೆಳಿಗ್ಗೆ ಮಗುವಿಗೆ ಫಿಟ್ಸ್ ಬಂತು. ಅವರೇ ಫೋನ್ ಮಾಡಿ ಹೇಳಿದರು. ದಿನಾಂಕ ಮುಂದೆ ಹೋಯಿತು. "ಮೊದಲಾಗಿದ್ರೆ ಡೇಟ್ ಹೋಗುತ್ತೆ ಅಂತ ಹೇಳ್ತಾನೇ ಇರಲಿಲ್ಲ ಮೇಡಂ" ಅಂದರು.

ಮತ್ತೆ ಬಂದಾಗ ಹೊಸ ರಿಪೋರ್ಟ್ ತಂದಿದ್ದರು. ಬಲಗಡೆ ಕಿವಿಯ ಮೇಲಿನ ಭಾಗದಲ್ಲಿ ಬಳಕೆ ಕಡಿಮೆ, ಉಳಿದದ್ದು ಸರಿಯಿದೆ ಅಂತ ಇತ್ತು. ಆಪರೇಷನ್ ನಿರ್ಧಾರ ಇನ್ನೂ ಆಗಿಲ್ಲ. ಈ ಸಲ ಗೆರೆ ಎಳೆದಿದ್ದು ಬೇರೆ ಸಾಲಿಗೆ: ಎಫ್‌ಡಿಜಿ ಸೇರುವಾಗ ಮಗು ಎಚ್ಚರವಾಗಿ, ಶಾಂತವಾಗಿತ್ತು.